ದನಿ ಬರುವ ಬಾಗಿಲು



ಹೋದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಗಳನ್ನು ಮಳೆಗಾಲದಲ್ಲಿ ಮೆತ್ತಗಾಗದಂತೆ ಕಾಪಾಡುವ ಮಾತಾಡಿದ್ದೆವು. ಈ ಸಲ ಒಲೆಯ ಮುಂದಿನಿಂದ ಎದ್ದು ನಡುಮನೆಗೆ ಬನ್ನಿ. ಕೈಯಲ್ಲಿ ಕಾಫಿ ಲೋಟ ಇದ್ದರೆ ಇರಲಿ, ಸ್ವಲ್ಪ ಉದ್ದದ ಮಾತಿದು.

ವಿಷಯ ಕೇಳಿದರೆ "ಇದೆಲ್ಲ ಹುಡುಗರ ಕೆಲಸ, ನಮಗ್ಯಾಕ್ರೀ?" ಎಂದು ಪುಟ ಮಗುಚಿಬಿಡುತ್ತೀರೇನೋ ಎಂಬ ಅಂಜಿಕೆ ನನಗೆ. ದಯವಿಟ್ಟು ಮಗುಚಬೇಡಿ. ಕಂಪ್ಯೂಟರಿನಲ್ಲಿ ಹಾಡೋ, ವಾರ್ತೆಯೋ, ನಾಟಕವೋ ಕೇಳಿ ಬರುತ್ತದಲ್ಲ, ಆ ದನಿ ನಿಜವಾಗಿ ಯಾವ ವಿಳಾಸದಿಂದ ಹೊರಟು ನಮ್ಮ ಮನೆಗೆ ಬರುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ ಎಂಬುದೇ ಇವತ್ತಿನ ಮಾತು. ನಾನೇನೂ ಇದನ್ನು ಶೋಕಿಗೆ ಕಲಿತದ್ದಲ್ಲ. ನಮ್ಮ ಅತ್ತೆಯವರಿಗಾಗಿ ಕಲಿತೆ. ಆ ಕಥೆಯನ್ನೇ ಮೊದಲು ಹೇಳುತ್ತೇನೆ.

ಅತ್ತೆಯವರಿಗೆ ಈಗ ಎಂಬತ್ತೆರಡು. ಹುಟ್ಟಿದ್ದು, ಬೆಳೆದದ್ದು, ಸಂಸಾರ ಮಾಡಿದ್ದು ಎಲ್ಲ ಧಾರವಾಡದ ಪಕ್ಕದ ಹಳ್ಳಿಯಲ್ಲಿ. ಯಜಮಾನರ ಕೆಲಸದಿಂದಾಗಿ ನಾವು ಹಾಸನದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ಮಾವನವರು ಹೋದ ಮೇಲೆ ಅತ್ತೆಯವರನ್ನು ಇಲ್ಲಿಗೇ ಕರೆತಂದೆವು. ಅವರಿಗೆ ಗ್ಲಾಕೋಮಾದಿಂದ ಕಣ್ಣು ಬಹಳ ಮಂದ. ಬೆಳಕು, ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಓದು ಇಲ್ಲ, ಹೊಲಿಗೆ ಇಲ್ಲ, ಟಿ.ವಿ. ಇದ್ದೂ ಇಲ್ಲ. ಇದ್ದ ಒಂದೇ ಜೊತೆ ಎಂದರೆ ಧಾರವಾಡ ಆಕಾಶವಾಣಿ. 1950ರ ಜನವರಿಯಲ್ಲಿ ಆ ನಿಲಯ ಶುರುವಾದದ್ದು. ಹೆಚ್ಚೂಕಡಿಮೆ ಅತ್ತೆಯವರ ಬಾಳಿನಷ್ಟೇ ಅದರ ಬಾಳೂ. ಮುಂಜಾನೆಯಿಂದ ರಾತ್ರಿಯವರೆಗೆ ಅವರ ದಿನದ ಗಂಟೆಗಳೆಲ್ಲ ಆ ದನಿಯ ಮೇಲೇ ಕಟ್ಟಿಕೊಂಡಿದ್ದವು.

ಬರುವಾಗ ತಮ್ಮ ಹಳೆಯ ರೇಡಿಯೋವನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೇ ಬಂದರು. ಇಲ್ಲಿ ಹಚ್ಚಿದರೆ ಬರೀ ಗೊರಗೊರ. ದೂರವೂ ಹೌದು, ಅದರ ಮೇಲೆ ಮನೆಯ ಎಲ್‌ಇಡಿ ದೀಪಗಳು, ಫೋನ್ ಚಾರ್ಜರುಗಳು ಮಧ್ಯಮ ತರಂಗದ ರೇಡಿಯೋದಲ್ಲಿ ಗದ್ದಲ ಎಬ್ಬಿಸುತ್ತವೆ. "ಧಾರವಾಡ ಇಲ್ಲಿ ಹತ್ತಂಗಿಲ್ಲೇನವಾ?" ಎಂದು ಎರಡು ದಿನ ಕೇಳಿದರು. ಮೂರನೆಯ ದಿನ ಕೇಳಲಿಲ್ಲ. ರೇಡಿಯೋವನ್ನು ಮತ್ತೆ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟುಬಿಟ್ಟರು. ಆಮೇಲೆ ಮಾತೂ ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುವುದು, ಉಂಡು ಹೋಗಿ ಗೋಡೆಗೆ ಒರಗಿ ಕೂರುವುದು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತಿತ್ತು.

ಫೋನಿನಲ್ಲಿ ಆಕಾಶವಾಣಿ ಬರುತ್ತದೆ, ಪ್ರಸಾರ ಭಾರತಿಯ ಆ್ಯಪ್ ಇದೆ ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ನಿಜ. ಕಣ್ಣು ಚೆನ್ನಾಗಿದ್ದವರಿಗೆ ಅದೇ ಸುಲಭ, ಅದನ್ನೇ ಬಳಸಿ. ಆದರೆ ನುಣುಪು ಗಾಜಿನ ಮೇಲೆ ಗುಂಡಿ ಎಲ್ಲಿದೆ ಎಂದು ಕಾಣದವರಿಗೆ ಹೇಗೆ ತಿಳಿಯಬೇಕು? ಅತ್ತೆಯವರ ಬೆರಳು ಒಂದು ಕಡೆ ತಾಗಿದರೆ ದನಿ ನಿಲ್ಲುತ್ತಿತ್ತು, ಇನ್ನೊಂದು ಕಡೆ ತಾಗಿದರೆ ಬೇರಾರಿಗೋ ಫೋನ್ ಹೋಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಎಲ್ಲ ರೇಡಿಯೋಗಳನ್ನೂ ಸೇರಿಸಿಟ್ಟ ಪುಟವೊಂದು ಸಿಕ್ಕಿತು. ಅದರಲ್ಲೋ, ಜಾಹೀರಾತಿನ ಮೇಲೆ ಜಾಹೀರಾತು. ಒಂದನ್ನು ಮುಚ್ಚಿದರೆ ಇನ್ನೊಂದು. ಪ್ರತಿ ಸಲ ನಾನೇ ಕೈ ತೊಳೆದುಕೊಂಡು ಓಡಿ ಬರಬೇಕು. ಅವರಿಗೂ ಸಂಕೋಚ. "ಬ್ಯಾಡ ಬಿಡವಾ, ನಿನಗ ಕೆಲಸ ಭಾಳ ಅದಾವ" ಅನ್ನುವರು.

ಅವರಿಗೆ ಬೇಕಾದದ್ದು ಒಂದೇ ಗುಂಡಿ. ಒತ್ತಿದರೆ ಧಾರವಾಡ ಬರಬೇಕು. ಅಷ್ಟೇ.

ಅಂದು ಮುಳ್ಳು, ಇಂದು ವಿಳಾಸ

1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದದ್ದು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದದ್ದು ನಿಮಗೆ ಗೊತ್ತು. ಆ ಕಾಲದಿಂದಲೂ ರೇಡಿಯೋ ನಿಲಯದ ವಿಳಾಸ ಎಂದರೆ ಒಂದು ಅಂಕಿ. ಮುಳ್ಳನ್ನು ಆ ಅಂಕಿಯ ಎದುರು ನಿಲ್ಲಿಸಿದರೆ ದನಿ ಬಂತು. ಆ ಅಂಕಿಯನ್ನು ಯಾರೂ ಬಚ್ಚಿಡುತ್ತಿರಲಿಲ್ಲ. ಸಾರಿ ಸಾರಿ ಹೇಳುತ್ತಿದ್ದರು.

ಇಂಟರ್‌ನೆಟ್ಟಿನಲ್ಲಿ ಬರುವ ದನಿಗೂ ವಿಳಾಸ ಇದ್ದೇ ಇದೆ. ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ನಮಗೆ ಕಾಣುವುದು ಪುಟದ ವಿಳಾಸ ಮಾತ್ರ. ಅದು ಅಂಗಡಿಯ ಬೋರ್ಡ್ ಇದ್ದ ಹಾಗೆ. ಸಾಮಾನು ಬರುವ ಉಗ್ರಾಣ ಇನ್ನೆಲ್ಲೋ ಇರುತ್ತದೆ. ಆ ಉಗ್ರಾಣದ ವಿಳಾಸ ಸಿಕ್ಕಿಬಿಟ್ಟರೆ ಬೋರ್ಡೂ ಬೇಡ, ಜಾಹೀರಾತೂ ಬೇಡ, ನೇರವಾಗಿ ದನಿಯನ್ನು ಮನೆಗೆ ತರಿಸಿಕೊಳ್ಳಬಹುದು.

ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ದಸರಾ ರಜೆಗೆ ಬಂದಿದ್ದ. ಅಜ್ಜಿ ಸುಮ್ಮನೆ ಕೂತದ್ದನ್ನು ನೋಡಿ "ದೊಡ್ಡಮ್ಮ, ಆ ಪುಟದ ಹಿಂದೆ ಏನು ಓಡಾಡ್ತಿದೆ ನೋಡೋಣ ಬಾ" ಅಂದ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ಮದುವೆ ಮನೆಯ ಹಿತ್ತಲ ಬಾಗಿಲು

ಮದುವೆ ಮನೆ ನೆನಪಿಸಿಕೊಳ್ಳಿ. ಮುಂಬಾಗಿಲಲ್ಲಿ ಪನ್ನೀರು, ಕುಂಕುಮ, ವಾಲಗ. ಹಿತ್ತಲ ಬಾಗಿಲಲ್ಲಿ? ತರಕಾರಿ ಗಾಡಿ, ಬಾಳೆ ಎಲೆ, ಹಾಲಿನ ಕ್ಯಾನು, ಹೂವಿನ ಬುಟ್ಟಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಉಗ್ರಾಣ ನೋಡಿಕೊಳ್ಳುವವರು ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು, ಯಾವ ಸಾಮಾನು, ಯಾರ ಅಂಗಡಿಯಿಂದ, ಎಷ್ಟು ಬಂತು ಎಂದು ಬರೆದುಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದರೂ ಹೀಗೇ. ಚಿತ್ರ ಒಂದು ಕಡೆಯಿಂದ, ಅಕ್ಷರದ ರೂಪ ಒಂದು ಕಡೆಯಿಂದ, ಜಾಹೀರಾತು ಹತ್ತು ಕಡೆಯಿಂದ, ದನಿ ಮತ್ತೊಂದು ಕಡೆಯಿಂದ ಬರುತ್ತವೆ. ಇದೆಲ್ಲವನ್ನೂ ಬರೆದುಕೊಳ್ಳುವ ಪುಸ್ತಕ ನಮ್ಮ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳ ಒಳಗೇ ಇದೆ. ಅದರ ಹೆಸರು 'ನೆಟ್‌ವರ್ಕ್' ಪಟ್ಟಿ. ಕೀಲಿಮಣೆಯ ಎಫ್12 ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ. ಇಷ್ಟು ವರ್ಷ ಆ ಗುಂಡಿಯ ಧೂಳು ಒರೆಸಿದ್ದೆನೇ ಹೊರತು ಒತ್ತಿರಲಿಲ್ಲ!

ಹುಡುಗ ಮೊದಲು ವೈರ್‌ಶಾರ್ಕ್ ಎಂಬ ಬೇರೊಂದು ಸಾಧನ ಹಾಕಿ ನೋಡಿದ. ಜೆರಾಲ್ಡ್ ಕೂಂಬ್ಸ್ ಎಂಬುವರು 1998ರಲ್ಲಿ ಬೇರೆ ಹೆಸರಿನಿಂದ ಹೊರತಂದದ್ದು ಅದು. 2006ರಲ್ಲಿ ಈ ಹೆಸರು ಬಂತಂತೆ. ಕಂಪ್ಯೂಟರಿಗೆ ಹೋಗಿ ಬರುವ ಎಲ್ಲ ಸಂಚಾರವನ್ನೂ ಹಿಡಿದು ತೋರಿಸುತ್ತದೆ. ಆದರೆ ಈಗಿನ ಪುಟಗಳೆಲ್ಲ ಸಾಮಾನ್ಯವಾಗಿ ಅಂಟಿಸಿದ ಲಕೋಟೆಯಲ್ಲಿ ಬರುತ್ತವೆ. ವಿಳಾಸದ ಮೊದಲಿಗೆ 'ಎಚ್‌ಟಿಟಿಪಿಎಸ್' ಎಂದು ಇರುತ್ತದಲ್ಲ, ಅದೇ. ಹೊರಗಿನಿಂದ ನೋಡಿದರೆ ಯಾವ ಊರಿನಿಂದ ಬಂದದ್ದು ಎಂದು ತಿಳಿದೀತು, ಒಳಗಿನ ಪೂರಾ ವಿಳಾಸ ತಿಳಿಯದು. ಲಕೋಟೆ ಒಡೆಯುವುದು ಬ್ರೌಸರು. ಆದ್ದರಿಂದ ಅದನ್ನೇ ಕೇಳುವುದು ಸುಲಭ. ನಮ್ಮಂಥವರಿಗೆ ಎಫ್12 ಸಾಕು.

ದೋಸೆಯ ಲೆಕ್ಕ

ಪಟ್ಟಿಯಲ್ಲಿ ದನಿಯ ಸಾಲು ಯಾವುದು ಎಂದು ಗುರುತು ಹಿಡಿಯಬೇಕಲ್ಲ? ಅದಕ್ಕೆ ದನಿ ಹೇಗೆ ಬರುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಎರಡು ಬಗೆ ಇವೆ.

ಒಂದು ಬಗೆ, ನಲ್ಲಿ ಬಿಟ್ಟ ಹಾಗೆ. ಒಂದೇ ಧಾರೆ, ನಿಲ್ಲಿಸುವವರೆಗೂ ಸುರಿಯುತ್ತದೆ. ಪಟ್ಟಿಯಲ್ಲಿ ಅದು ಮುಗಿಯದ ಒಂದೇ ಸಾಲಾಗಿ ಉಳಿದುಕೊಳ್ಳುತ್ತದೆ. ಅನೇಕ ಇಂಟರ್‌ನೆಟ್ ರೇಡಿಯೋಗಳು ಹೀಗೆ.

ಇನ್ನೊಂದು ಬಗೆ, ದೋಸೆ ಹಾಕಿದ ಹಾಗೆ. ಹತ್ತು ಜನ ಕೂತಿದ್ದರೆ ಎಲ್ಲ ದೋಸೆ ಒಟ್ಟಿಗೆ ತರುವುದಿಲ್ಲ. ಒಂದು ತಿನ್ನುತ್ತಿರುವಾಗ ಇನ್ನೊಂದು ಕಾವಲಿಯ ಮೇಲೆ. ಹಾಗೆಯೇ ದನಿಯನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಒಂದೊಂದಾಗಿ ಕಳಿಸುತ್ತಾರೆ. ಯಾವ ತುಣುಕು ಯಾವುದರ ನಂತರ ಎಂದು ಹೇಳುವ ಒಂದು ಸಣ್ಣ ಚೀಟಿ ಇರುತ್ತದೆ. ಆ ಚೀಟಿಯ ಹೆಸರಿನ ಬಾಲದಲ್ಲಿ 'ಎಂ3ಯು8' ಎಂದಿರುತ್ತದೆ. ಆ್ಯಪಲ್ ಕಂಪನಿ 2009ರಲ್ಲಿ ಹೊರತಂದ ಪದ್ಧತಿ ಇದು. ಈಗ ಲೋಕವೆಲ್ಲ ಬಳಕೆಯಲ್ಲಿದೆ. ನೇರ ಪ್ರಸಾರದಲ್ಲಿ ಹೊಸ ತುಣುಕು ಆಗುತ್ತಲೇ ಇರುವುದರಿಂದ ಬ್ರೌಸರು ಕೆಲವು ಸೆಕೆಂಡಿಗೊಮ್ಮೆ ಆ ಚೀಟಿಯನ್ನು ಮತ್ತೆ ಮತ್ತೆ ತರಿಸುತ್ತದೆ. ಪಟ್ಟಿಯಲ್ಲಿ ಅದೇ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಅದೇ ಗುರುತು ಅಂದುಕೊಳ್ಳಿ. ನಮಗೆ ಬೇಕಾದದ್ದು ದೋಸೆಯಲ್ಲ, ಚೀಟಿ. ತುಣುಕಿನ ವಿಳಾಸ ತೆಗೆದುಕೊಂಡರೆ ಕೆಲವು ಸೆಕೆಂಡು ಕೇಳಿ ನಿಂತುಹೋಗುತ್ತದೆ.

ನಾನು ಮಾಡಿದ ಎರಡು ತಪ್ಪು

ಹುಡುಗ ಊಟಕ್ಕೆ ಹೋದಾಗ ನಾನೇ ಮಾಡುತ್ತೇನೆಂದು ಕೂತು ಎರಡು ತಪ್ಪು ಮಾಡಿದೆ. ನೀವು ಮಾಡಬಾರದೆಂದು ಹೇಳುತ್ತಿದ್ದೇನೆ.

ಮೊದಲನೆಯದು, ಹಾಡು ಶುರುವಾದ ಮೇಲೆ ಎಫ್12 ಒತ್ತಿದೆ. ಮೊದಲು ಬಂದದ್ದು ಒಂದೂ ಪಟ್ಟಿಯಲ್ಲಿಲ್ಲ! ಬಾಗಿಲಲ್ಲಿ ಕೂತ ಮೇಲೆ ಬಂದವರನ್ನು ಮಾತ್ರ ತಾನೇ ಬರೆದುಕೊಳ್ಳಲು ಆಗುವುದು? ಮೊದಲು ಪುಸ್ತಕ ತೆರೆದು ಕೂರಬೇಕು, ಆಮೇಲೆ ಪುಟವನ್ನು ಮತ್ತೆ ತೆರೆಸಬೇಕು.

ಎರಡನೆಯದು, ಪುಟದ ಒಳರಚನೆಯಲ್ಲಿ ಹಾಡಿನ ಪೆಟ್ಟಿಗೆಯ ಎದುರು 'ಬ್ಲಾಬ್' ಎಂದು ಶುರುವಾಗುವ ಒಂದು ವಿಳಾಸ ಕಂಡಿತು. ಸಿಕ್ಕೇಬಿಟ್ಟಿತೆಂದು ಕಾಪಿ ಮಾಡಿಕೊಂಡು ಹಿಗ್ಗಿದೆ. ಬೇರೆಡೆ ಹಾಕಿದರೆ ಏನೂ ಇಲ್ಲ. ಹುಡುಗ ನಕ್ಕ. "ದೊಡ್ಡಮ್ಮ, ಅದು ಆ ಪುಟ ತನ್ನ ಒಳಗಿನ ಬಳಕೆಗೆ ಇಟ್ಟುಕೊಂಡ ಹೆಸರು. ಮನೆಯಲ್ಲಿ ಪುಟ್ಟಿ ಅಂತ ಕರೆಯೋ ಹಾಗೆ. ಪೋಸ್ಟ್‌ಮ್ಯಾನ್‌ಗೆ ಪುಟ್ಟಿ ಅಂದರೆ ಗೊತ್ತಾಗುತ್ತಾ?" ಅಂದ. ಆದ್ದರಿಂದ 'ಬ್ಲಾಬ್' ಕಂಡರೆ ಬಿಟ್ಟುಬಿಡಿ. ನಿಜವಾದ ವಿಳಾಸ ನೆಟ್‌ವರ್ಕ್ ಪಟ್ಟಿಯಲ್ಲೇ ಇರುತ್ತದೆ.

ಮಾಡುವ ಕ್ರಮ

ಇದಕ್ಕೆ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಫೋನಿನ ಬ್ರೌಸರಿನಲ್ಲಿ ಈ ಪಟ್ಟಿ ಹೀಗೆ ತೆರೆಯುವುದಿಲ್ಲ. ಮಕ್ಕಳ ಹಳೆಯ ಲ್ಯಾಪ್‌ಟಾಪ್ ಇದ್ದರೆ ಸಾಕು. ಕ್ರೋಮ್ ಬ್ರೌಸರಿನ ಕ್ರಮ ಹೇಳುತ್ತೇನೆ. ಬೇರೆಯವುಗಳಲ್ಲೂ ಬಹುಪಾಲು ಹೀಗೇ.

1. ರೇಡಿಯೋ ಇರುವ ಪುಟ ತೆರೆಯಿರಿ. ಹಾಡು ಹಚ್ಚಬೇಡಿ.

2. ಎಫ್12 ಒತ್ತಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಗುಂಡಿಯನ್ನೂ ಜೊತೆಗೆ ಒತ್ತಬೇಕು. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಐ ಮೂರನ್ನೂ ಒಟ್ಟಿಗೆ ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಅಂಕಣ ತೆರೆಯುತ್ತದೆ. ತುಂಬ ಬರಹ ಕಂಡು ಗಾಬರಿ ಬೇಡ. ನೋಡಿದ ಮಾತ್ರಕ್ಕೆ ಏನೂ ಕೆಡುವುದಿಲ್ಲ.

3. ಮೇಲಿನ ಸಾಲಿನಲ್ಲಿ 'ನೆಟ್‌ವರ್ಕ್' ಎಂಬುದನ್ನು ಒತ್ತಿ.

4. ಎಫ್5 ಒತ್ತಿ ಪುಟವನ್ನು ಮತ್ತೆ ತೆರೆಸಿ. ಪಟ್ಟಿ ತುಂಬತೊಡಗುತ್ತದೆ. ಈಗ ನಿಲಯ ಆರಿಸಿ ಹಾಡು ಹಚ್ಚಿ.

5. ಸೋಸುವ ಪೆಟ್ಟಿಗೆಯಲ್ಲಿ, ಅಂದರೆ 'ಫಿಲ್ಟರ್' ಎಂದಿರುವಲ್ಲಿ, ಇಂಗ್ಲಿಷಿನಲ್ಲಿ ಎಂ3ಯು8 ಎಂದು ಟೈಪ್ ಮಾಡಿ. ಅಕ್ಕಿ ಜರಡಿ ಹಿಡಿದ ಹಾಗೆ ಬೇರೆಯದೆಲ್ಲ ಮರೆಯಾಗಿ ಚೀಟಿಯ ಸಾಲು ಉಳಿಯುತ್ತದೆ.

6. ಏನೂ ಉಳಿಯದಿದ್ದರೆ ಟೈಪ್ ಮಾಡಿದ್ದನ್ನು ಅಳಿಸಿ 'ಮೀಡಿಯಾ' ಗುಂಡಿ ಒತ್ತಿ. ನಲ್ಲಿಯ ಧಾರೆಯಂಥ ದನಿ ಅಲ್ಲಿ ಸಿಗುತ್ತದೆ. ಚೀಟಿಯ ಬಗೆಯದು ಎಷ್ಟೋ ವೇಳೆ 'ಮೀಡಿಯಾ' ಕೆಳಗೆ ಬಾರದೆ 'ಫೆಚ್/ಎಕ್ಸ್‌ಎಚ್‌ಆರ್' ಕೆಳಗೆ ಬರುತ್ತದೆ. ಅದಕ್ಕೇ ಹೆಸರಿನಿಂದ ಹುಡುಕುವುದು ಲೇಸು.

7. ಎರಡು ಚೀಟಿ ಕಂಡರೆ ಮೊದಲು ಬಂದದ್ದನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ದೊಡ್ಡ ಚೀಟಿ. ಯಾವ ಯಾವ ಗುಣಮಟ್ಟದ ದನಿ ಇದೆ ಎಂದು ಅದರಲ್ಲಿರುತ್ತದೆ. ಎರಡನೆಯದು ಒಂದೇ ಗುಣಮಟ್ಟದ ತುಣುಕುಗಳ ಚೀಟಿ.

8. ಆ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಕಾಪಿ', ಆಮೇಲೆ 'ಕಾಪಿ ಯುಆರ್‌ಎಲ್' ಆರಿಸಿ. ವಿಳಾಸ ನಿಮ್ಮ ಕೈಗೆ ಬಂತು.

9. ಈಗ ಪರೀಕ್ಷೆ. ವಿಎಲ್‌ಸಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪ್ಯಾರಿಸಿನ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸದಿಂದ ಹುಟ್ಟಿದ್ದು. ಅದನ್ನು ತೆರೆದು ಕಂಟ್ರೋಲ್ ಮತ್ತು ಎನ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ವಿಳಾಸ ಅಂಟಿಸಿ 'ಪ್ಲೇ' ಒತ್ತಿ. ಬ್ರೌಸರನ್ನು ಮುಚ್ಚಿಬಿಡಿ. ಆಗಲೂ ದನಿ ಬರುತ್ತಿದ್ದರೆ ನೀವು ಗೆದ್ದಿರಿ.

ನಮ್ಮ ಮನೆಯಲ್ಲಿ ಬ್ರೌಸರ್ ಮುಚ್ಚಿದ ಮೇಲೂ ಧಾರವಾಡದ ಮಾತು ಕೇಳುತ್ತಲೇ ಇತ್ತು. ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಅತ್ತೆಯವರು ಬಂದರು. "ಎಲ್ಲಿಂದ ಬಂತವಾ ಇದು?" ಅಂದರು. ಹದಿನೈದು ದಿನದ ಮೇಲೆ ಅವರಾಗಿ ಆಡಿದ ಮೊದಲ ಮಾತು.

ಒಂದೇ ಗುಂಡಿ ಮಾಡಿದ ಬಗೆ

ವಿಳಾಸ ಸಿಕ್ಕರೆ ಅರ್ಧ ಕೆಲಸ. ಅದನ್ನು ಕಾಣದ ಕೈಗೆ ಒಗ್ಗಿಸುವುದು ಇನ್ನರ್ಧ. ನೋಟ್‌ಪ್ಯಾಡ್ ತೆರೆದು ಆ ವಿಳಾಸವನ್ನು ಒಂದೇ ಸಾಲಿನಲ್ಲಿ ಅಂಟಿಸಿ. ಉಳಿಸುವಾಗ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಂ3ಯು ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಕೆಳಗೆ 'ಆಲ್ ಫೈಲ್ಸ್' ಆರಿಸುವುದನ್ನು ಮರೆಯಬೇಡಿ, ಮರೆತರೆ ಅದು ಬರೀ ಬರಹದ ಕಡತವಾಗಿ ಉಳಿಯುತ್ತದೆ. ಈ ಕಡತವನ್ನು ಎರಡು ಸಲ ಒತ್ತಿದರೆ ವಿಎಲ್‌ಸಿ ತೆರೆದು ಹಾಡತೊಡಗುತ್ತದೆ. ಬೇರೆ ಯಾವುದಾದರೂ ತೆರೆದುಕೊಂಡರೆ, ಈ ಬಗೆಯ ಕಡತಕ್ಕೆ ವಿಎಲ್‌ಸಿಯನ್ನೇ ಗೊತ್ತುಮಾಡಿ.

ಹುಡುಗ ಆ ಕಡತವನ್ನು ಕಂಪ್ಯೂಟರಿನ 'ಸ್ಟಾರ್ಟಪ್' ಎಂಬ ಕಪಾಟಿನಲ್ಲಿ ಇಟ್ಟ. ಅಲ್ಲಿ ಇಟ್ಟದ್ದು ಕಂಪ್ಯೂಟರ್ ಎದ್ದ ಕೂಡಲೇ ತಾನಾಗಿ ಶುರುವಾಗುತ್ತದೆ. ಆ ಹಳೆಯ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇಡಲಿಲ್ಲ; ಅದರಲ್ಲಿ ಬೇರೇನೂ ಇಲ್ಲ. ಗುಂಡಿ ಒತ್ತಿದರೆ ಧಾರವಾಡ ಬರುವ ಹಾಗೆ, ಮತ್ತೆ ಒತ್ತಿದರೆ ಯಂತ್ರವೇ ಆರುವ ಹಾಗೆ ಮಾಡಿಕೊಟ್ಟ. ಆ ಗುಂಡಿ ಕೈಗೆ ಸಿಗಬೇಕಲ್ಲ? ಅದಕ್ಕೆ ಉಪಾಯ ಹೂಡಿದವಳು ನಾನು. ಗುಂಡಿಯ ಮೇಲೆ ಹರಳಿನ ಬಿಂದಿ ಒಂದನ್ನು ಅಂಟಿಸಿದೆ. ಅತ್ತೆಯವರ ಬೆರಳು ತಡವರಿಸಿ ಬಿಂದಿಯ ಮೇಲೆ ನಿಂತಿತು. "ಇದಕ್ಕ ಕುಂಕುಮ ಹಚ್ಚೀರೇನು?" ಎಂದು ನಕ್ಕರು.

ಖರ್ಚಿನ ಮಾತು ಕೇಳುತ್ತೀರಿ. ಸೆಕೆಂಡಿಗೆ 64 ಕಿಲೋಬಿಟ್ಟಿನ ದನಿಯಾದರೆ ಗಂಟೆಗೆ ಸುಮಾರು 29 ಎಂ.ಬಿ. ಆಗುತ್ತದೆ. ದಿನಕ್ಕೆ ಐದು ಗಂಟೆ ಕೇಳಿದರೆ 145 ಎಂ.ಬಿ. ಅಂದರೆ 1.5 ಜಿ.ಬಿ.ಯಲ್ಲಿ ಹತ್ತರಲ್ಲೊಂದು ಪಾಲು. 128 ಕಿಲೋಬಿಟ್ಟಿನದಾದರೆ ಇದರ ಎರಡರಷ್ಟು.

ಇನ್ನೊಂದು ಮಾತು. ತುಣುಕು ತುಣುಕಾಗಿ ಬರುವುದರಿಂದ ಈ ದನಿ ಅರ್ಧ ನಿಮಿಷದವರೆಗೂ ತಡವಾಗಿ ಬರಬಹುದು. ಸಮಯ ಸೂಚನೆಯ ಬೀಪ್ ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಡಿ!

ಎಲ್ಲಿ ನಿಲ್ಲಬೇಕು

ಬಾಗಿಲು ಗೊತ್ತಾಯಿತೆಂದು ಎಲ್ಲ ಮನೆಗೂ ನುಗ್ಗುವುದು ಸಂಸಾರಸ್ಥರ ಲಕ್ಷಣವಲ್ಲ. ಕೆಲವು ಎಚ್ಚರಿಕೆ ಹೇಳುತ್ತೇನೆ.

ಎಲ್ಲರಿಗಾಗಿ ಪುಕ್ಕಟೆ ಬಿತ್ತರಿಸುವ ದನಿಯನ್ನು ನಮ್ಮ ಮನೆಯಲ್ಲಿ ಕೇಳುವುದು ಒಂದು ಮಾತು. ಹಣ ಕೊಟ್ಟು ನೋಡುವ ಸಿನಿಮಾ, ಧಾರಾವಾಹಿಗಳಿಗೆ ಬೀಗ ಹಾಕಿರುತ್ತಾರೆ. ಅವುಗಳ ವಿಳಾಸ ಪಟ್ಟಿಯಲ್ಲಿ ಕಂಡರೂ ಬೀಗದಕೈ ಇಲ್ಲದೆ ತೆರೆಯದು. ಆ ಬೀಗ ಒಡೆಯಲು ಹೋಗಬೇಡಿ. 1957ರ ಕೃತಿಸ್ವಾಮ್ಯ ಕಾನೂನಿಗೆ 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿದೆ. ಹಕ್ಕು ಮುರಿಯಬೇಕೆಂದೇ ಇಂಥ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಹಾಗೆಯೇ ಹಾಡುಗಳನ್ನು ಇಳಿಸಿಕೊಂಡು ಊರಿಗೆಲ್ಲ ಹಂಚುವುದೂ ಬೇಡ.

ಕೆಲವು ವಿಳಾಸಗಳ ಬಾಲದಲ್ಲಿ ಅರ್ಥವಿಲ್ಲದ ಅಕ್ಷರ ಅಂಕಿಗಳ ಉದ್ದನೆಯ ಸರ ಇರುತ್ತದೆ. ಅದು ಎಷ್ಟೋ ಸಲ ಗಡುವು ಇರುವ ಟಿಕೆಟ್ಟು. ಸ್ವಲ್ಪ ಹೊತ್ತಿಗೆ ಅವಧಿ ಮುಗಿದು '403' ಎಂಬ ಉತ್ತರ ಬರುತ್ತದೆ. ನೀವು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋದ ಪುಟದ್ದಾದರೆ ಅದು ನಿಮ್ಮ ಹೆಸರಿನ ಟಿಕೆಟ್ಟು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಬೇಡಿ. ಆ ಪಟ್ಟಿಯ ಫೋಟೋ ತೆಗೆದು ಯಾರಿಗೂ ಕಳಿಸಲೂ ಬೇಡಿ.

ಎಫ್12 ಒತ್ತಿದಾಗ ನೆಟ್‌ವರ್ಕ್ ಪಕ್ಕದಲ್ಲಿ 'ಕನ್ಸೋಲ್' ಎಂಬ ಇನ್ನೊಂದು ಕೋಣೆ ಕಾಣುತ್ತದೆ. ಯಾರಾದರೂ ಫೋನ್ ಮಾಡಿ "ಅಲ್ಲಿ ಇದನ್ನು ಅಂಟಿಸಿ, ಬಹುಮಾನ ಬರುತ್ತದೆ" ಅಂದರೆ ಫೋನ್ ಇಟ್ಟುಬಿಡಿ. ಅಲ್ಲಿ ಅಂಟಿಸಿದ ಮಂತ್ರ ನಿಮ್ಮ ಖಾತೆಯನ್ನೇ ಅವರ ಕೈಗೆ ಕೊಡಬಹುದು.

ಕೊನೆಯದು, ನಮ್ಮ ಮನೆಯ ಬಾಗಿಲು. ಈಚೆಗೆ ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಹಾಕಿಸಿಕೊಂಡಿದ್ದೇವೆ. ತೊಟ್ಟಿಲ ಮೇಲೂ, ಹೊಸಿಲ ಮೇಲೂ. ಅದರ ಚಿತ್ರಕ್ಕೂ ಇಂಥದೇ ಒಂದು ವಿಳಾಸ ಇರುತ್ತದೆ ಎಂಬುದು ನೆನಪಿರಲಿ. ನಾವು ರೇಡಿಯೋ ವಿಳಾಸ ಹುಡುಕಿದ ಹಾಗೆ ಅದನ್ನು ಹುಡುಕುವವರೂ ಇದ್ದಾರೆ. 2016ರಲ್ಲಿ 'ಮಿರಾಯ್' ಎಂಬ ಕೆಟ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ ಮೊದಲಾದ ಯಂತ್ರಗಳನ್ನು ವಶಮಾಡಿಕೊಂಡದ್ದು ಬೇರಾವ ಚಮತ್ಕಾರದಿಂದಲೂ ಅಲ್ಲ. ಕಾರ್ಖಾನೆಯವರು ಹಾಕಿಕೊಟ್ಟ ಸುಲಭದ ಪಾಸ್‌ವರ್ಡನ್ನು ಜನ ಬದಲಾಯಿಸಿರಲಿಲ್ಲ, ಅಷ್ಟೆ. ಈ ಪುಟ ಓದಿ ಮುಗಿಸಿದ ಕೂಡಲೇ ನಿಮ್ಮ ಕ್ಯಾಮೆರಾದ ಪಾಸ್‌ವರ್ಡ್ ಬದಲಾಯಿಸಿ. ನಾನು ಇವತ್ತು ಹೇಳಿದ್ದರಲ್ಲಿ ಇದೊಂದನ್ನು ಮಾಡಿದರೂ ನನಗೆ ಸಮಾಧಾನ.

ಮತ್ತೆ ನಿಂತಾಗ

ಹುಡುಗ ರಜೆ ಮುಗಿಸಿ ಹೋದ. ನಾಲ್ಕು ತಿಂಗಳು ಸುಗಮವಾಗಿ ನಡೆಯಿತು. ಒಂದು ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದೆ, ಒಳಗಿನಿಂದ ಸದ್ದೇ ಇಲ್ಲ. ಹೋಗಿ ನೋಡಿದರೆ ಅತ್ತೆಯವರು ಬಿಂದಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾರೆ. "ಮೂರು ಸಲ ಒತ್ತಿದೆ. ಧಾರವಾಡ ಏನೂ ಅನ್ನವಲ್ದು" ಅಂದರು. ಆ ದನಿ ಕೇಳಿ ನನಗೆ ಮಂಚದ ಕೆಳಗಿನ ರೇಡಿಯೋ ನೆನಪಾಯಿತು.

ಹುಡುಗನಿಗೆ ಫೋನ್ ಮಾಡಿದೆ. ಪರೀಕ್ಷೆಯ ಸಮಯ, ಎತ್ತಲಿಲ್ಲ. ಯಜಮಾನರು "ಸಂಜೆ ಯಾರನ್ನಾದರೂ ಕರೆಸೋಣ" ಎಂದು ಆಫೀಸಿಗೆ ಹೋದರು. ಸಂಜೆಯವರೆಗೆ ಅವರನ್ನು ಹಾಗೆ ಕೂರಿಸುವುದೇ? ಒಲೆ ಆರಿಸಿದೆ. ಕನ್ನಡಕ ಹಾಕಿಕೊಂಡೆ. ಪುಟ ತೆರೆದೆ, ಎಫ್12, ನೆಟ್‌ವರ್ಕ್, ಎಫ್5, ಸೋಸುವ ಪೆಟ್ಟಿಗೆ. ಚೀಟಿ ಬಂತು. ನೋಟ್‌ಪ್ಯಾಡಿನ ಹಳೆಯ ವಿಳಾಸದ ಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಎರಡು ಪದ ಬೇರೆ! ನಿಲಯ ಎಲ್ಲಿಗೂ ಹೋಗಿರಲಿಲ್ಲ. ದನಿ ಬರುವ ಬಾಗಿಲು ಬದಲಾಗಿತ್ತು. ಇಂಥ ವಿಳಾಸಗಳು ಹೇಳದೆ ಕೇಳದೆ ಬದಲಾಗುವುದು ಸಹಜ. ಹಳೆಯ ಸಾಲು ಅಳಿಸಿದೆ, ಹೊಸದನ್ನು ಅಂಟಿಸಿ ಉಳಿಸಿದೆ, ಯಂತ್ರ ಆರಿಸಿದೆ.

"ಈಗ ಒತ್ತಿ ಅತ್ತೆ" ಅಂದೆ.

ಒತ್ತಿದರು. ಎರಡು ನಿಮಿಷ ಏನೂ ಇಲ್ಲ. ಹಳೆಯ ಯಂತ್ರ, ಏಳಲು ಅಷ್ಟು ಹೊತ್ತು ಬೇಕು. ನನ್ನ ಎದೆ ಡವಗುಟ್ಟುತ್ತಿತ್ತು. ಆಮೇಲೆ ಬಂತು ನೋಡಿ, ಧಾರವಾಡ. ಅತ್ತೆಯವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ಕೈಗೆಲ್ಲ ಕೊತ್ತಂಬರಿ ವಾಸನೆ. "ನೀನ ಮಾಡಿದಿ ಏನು?" ಅಂದರು. "ಹೂಂ, ನಾನೇ" ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹೋಳಿಗೆ ಚೆನ್ನಾಗಿದೆ ಅನ್ನಿಸಿಕೊಂಡಿದ್ದೇನೆ. ಆ ದಿನದ ಹಿಗ್ಗು ಬೇರೆ.

ವಿಳಾಸ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ವಿಳಾಸ ಬರೆದುಕೊಟ್ಟು ಸುಮ್ಮನಾಗದೆ, ಹುಡುಕುವ ಬಗೆಯನ್ನೇ ಇಷ್ಟುದ್ದ ಹೇಳಿದೆ. ಈ ಪುಟವನ್ನು ಕತ್ತರಿಸಿ ಅಡಿಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿಡಿ.

ಓದುಗರ ಕೇಳಿಕೆ

*ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಫೋನಿನಲ್ಲೇ ಈ ವಿಳಾಸ ಬಳಸಬಹುದೆ? (ಸಾಗರದ ಸೋದರಿ)*

ಹುಡುಕಲು ಮಾತ್ರ ಕಂಪ್ಯೂಟರ್ ಬೇಕು. ಪರಿಚಿತರ ಮನೆಯಲ್ಲಿ ಹುಡುಕಿ ವಿಳಾಸವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಫೋನಿಗೂ ವಿಎಲ್‌ಸಿ ಇದೆ. ಅದರಲ್ಲಿ ಹೊಸ ಸ್ಟ್ರೀಮ್ ಎಂಬಲ್ಲಿ ಅಂಟಿಸಿದರೆ ಆಯಿತು.

*ಮನೆಯಲ್ಲಿ ವೈಫೈ ಇದೆ. ಮಕ್ಕಳು ಏನು ನೋಡುತ್ತಾರೆಂದು ಹೀಗೆ ಪತ್ತೆ ಮಾಡಬಹುದೆ? (ಗದಗಿನ ಸೋದರಿ)*

ಎಫ್12 ಪಟ್ಟಿ ಅದೇ ಕಂಪ್ಯೂಟರಿನಲ್ಲಿ, ಅದೇ ಹೊತ್ತಿನಲ್ಲಿ ತೆರೆದಿಟ್ಟದ್ದನ್ನು ಮಾತ್ರ ತೋರಿಸುತ್ತದೆ, ಮಕ್ಕಳ ಫೋನಿನದನ್ನಲ್ಲ. ಕದ್ದು ನೋಡುವುದಕ್ಕಿಂತ ಪಕ್ಕದಲ್ಲಿ ಕೂತು "ಏನು ನೋಡ್ತಿದ್ದೀಯಪ್ಪಾ, ನಂಗೂ ತೋರಿಸು" ಅನ್ನಿ. ಅದೇ ಒಳ್ಳೆಯ ಸಾಧನ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಒಲೆಯ ಮುಂದೆ ಸೇರೋಣ. ಅತ್ತೆಯವರಿಂದ ಜೋಳದ ರೊಟ್ಟಿ ಹರಿಯದಂತೆ ಬಡಿಯುವ ಗುಟ್ಟು ಕೇಳಿ ಇಟ್ಟುಕೊಂಡಿದ್ದೇನೆ. ರೇಡಿಯೋ ಕೇಳುತ್ತಲೇ ಹೇಳಿಕೊಟ್ಟರು.

ನಿಮ್ಮ,
ಅಕ್ಕ